ಹಾಲು ಬೇಡ, ಬಾಗಬೇಡ

ಗಿರಿಧರನ್ ಎರಡು ಮಾತ್ರೆಗಳನ್ನು ಒಂದೇ ಗುಟುಕಿನಲ್ಲಿ ನುಂಗಿದ್ದು ಬೆಳಗಿನ ಎಂಟು ಗಂಟೆಗೆ. ಅವೆರಡನ್ನೂ ಒಟ್ಟಿಗೆ ನುಂಗಬಾರದೆಂದು ಗೊತ್ತಾದದ್ದು ಎಂಟು ಗಂಟೆ ಐದು ನಿಮಿಷಕ್ಕೆ. ಬುದ್ಧಿ ಐದೇ ನಿಮಿಷ ಮುಂಚೆ ಬಂದಿದ್ದರೆ ಕಡನಹಟ್ಟಿಯ ಜನ ಆ ದಿನ ತಮ್ಮ ತಮ್ಮ ಕೆಲಸ ನೋಡಿಕೊಂಡು ಇರುತ್ತಿದ್ದರು. ಆದರೆ ಬುದ್ಧಿ ಎನ್ನುವುದು ಸೋಲೂರಿನ ಬಸ್ಸಿನ ಹಾಗೆ, ಕಾದು ಕಾದು ನಾವು ನಡೆದು ಹೊರಟ ಮೇಲೆ ಹಿಂದಿನಿಂದ ಬಂದು ಹಾರ್ನ್ ಹೊಡೆಯುತ್ತದೆ.

ಗಿರಿಧರನಿಗೆ ಮೂವತ್ತು ವರ್ಷ. ಮೊಡವೆ ಎಂಬುದು ಹದಿನಾರಕ್ಕೆ ಬಂದು ಇಪ್ಪತ್ತೆರಡಕ್ಕೆ ಹೊರಡಬೇಕಾದ ನೆಂಟ. ಇವನ ಮುಖದ ಮೇಲೆ ಮಾತ್ರ ಅದು ಪಟ್ಟಾ ಮಾಡಿಸಿಕೊಂಡು ನೆಲೆಸಿಬಿಟ್ಟಿತ್ತು, ಅದರಲ್ಲೂ ಬಲಗೆನ್ನೆಯ ಮೇಲೆ. ಊಟಿಗೆ ಹೋಗುವ ಬೆಳಗಿನ ಬಸ್ಸಿಗೆ ಪಕ್ಕದ ಹಟ್ಟಿಯ ನಿವೇತಾ ಹತ್ತುತ್ತಿದ್ದಳು, ಅಲ್ಲಿ ಒಂದು ಶಾಲೆಯಲ್ಲಿ ಟೀಚರು. ಎರಡು ವರ್ಷದಿಂದ ಗಿರಿಧರನ್ ಊಟಿಗೆ ಹೋಗಬೇಕಾದಾಗಲೆಲ್ಲ ಅವಳಿಗೆ ತನ್ನ ಎಡಗೆನ್ನೆ ಮಾತ್ರ ಕಾಣುವಂಥ ಸೀಟನ್ನು ಹುಡುಕಿ ಕೂರುತ್ತಿದ್ದ. ಅಂಥದ್ದು ಸಿಗದ ದಿನ ಇಳಿದು ಮುಂದಿನ ಬಸ್ಸಿಗೆ ಕಾಯುತ್ತಿದ್ದ. ಒಂದು ಮಾತೂ ಆಡಿರಲಿಲ್ಲ. ಮಾತಾಡಬೇಕಾದರೆ ತಿರುಗಬೇಕು, ತಿರುಗಿದರೆ ಬಲಗೆನ್ನೆ ಬರುತ್ತದೆ.

ಹೀಗಿರುವಾಗ ಸುತ್ತಲಿನ ನಾಲ್ಕು ಹಟ್ಟಿಗಳ ಸಣ್ಣ ಟೀ ಬೆಳೆಗಾರರ ಸಂಘದವರು ಫ್ಯಾಕ್ಟರಿಗೆ ಎಲೆ ಹಾಕಿ ಹಾಕಿ ಸಾಕಾಗಿ, ತಮ್ಮದೇ ಪ್ಯಾಕೆಟ್ ಟೀ ಮಾಡಲು ಹೊರಟರು. ಪ್ಯಾಕೆಟ್ಟಿನ ಮೇಲೆ ಯಾವುದೋ ನಟಿಯ ಮುಖ ಬೇಡ, ನಿಜವಾದ ಬೆಳೆಗಾರನ ಮುಖವೇ ಇರಲಿ ಎಂದು ತೀರ್ಮಾನವಾಯಿತು. ಯಾರ ಮುಖ ಎಂಬಲ್ಲಿ ಜಗಳವಾಗಿ, ಕೊನೆಗೆ ಚೀಟಿ ಎತ್ತಿದರು. ಗಿರಿಧರನ ಹೆಸರು ಬಂತು. ಸಂಘದ ಅಧ್ಯಕ್ಷರಾದ ಧರ್ಮಲಿಂಗಂ ಮಾಮ ಕೆಮ್ಮಿ, "ಯಾವುದಕ್ಕೂ ಇನ್ನೊಂದು ಚೀಟಿ ಎತ್ತಿ ಇಟ್ಟುಕೊಳ್ಳುವ" ಎಂದರು. ಆ ಎರಡನೆಯದು ಸೆಲ್ವಕುಮಾರನದು. ಅವನ ಮುಖ ಆಗತಾನೆ ತೆಗೆದ ಬೆಣ್ಣೆಯ ಹಾಗೆ ಇತ್ತು, ಅದರ ಅರಿವೂ ಅವನಿಗೆ ಚೆನ್ನಾಗಿಯೇ ಇತ್ತು.

ಮೊದಲ ಪ್ಯಾಕೆಟ್ ಸಂಘದ ಎಲ್ಲ ಮನೆಗೂ ಹೋಗುತ್ತದೆ. ನಿವೇತಾಳ ಅಪ್ಪನೂ ಸಂಘದವನೇ. ಅಂದರೆ ದಿನಾ ಬೆಳಿಗ್ಗೆ ಅವಳ ಅಡುಗೆಮನೆಯ ಹಲಗೆಯ ಮೇಲೆ ಗಿರಿಧರನ ಮುಖ ಇರುತ್ತದೆ, ಎರಡೂ ಕೆನ್ನೆಯ ಸಮೇತ. ಈ ಒಂದು ಯೋಚನೆಯಿಂದ ಅವನಿಗೆ ಸಂತೋಷವೂ ಭಯವೂ ಒಟ್ಟಿಗೇ ಹತ್ತಿ, ಅವನು ಊಟಿಯ ಚರ್ಮದ ಡಾಕ್ಟರ ಹತ್ತಿರ ಓಡಿದ್ದ.

ಡಾಕ್ಟರು ದಿನಕ್ಕೊಂದು ಡಾಕ್ಸಿ ಕ್ಯಾಪ್ಸೂಲ್ ಬರೆದುಕೊಟ್ಟು ಕೆಲವು ಕಟ್ಟಳೆ ಹೇಳಿದ್ದರು. ತಿಂಡಿಯಾದ ಮೇಲೆ ದೊಡ್ಡ ಲೋಟ ನೀರಿನಲ್ಲಿ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗಬಾರದು, ಬಾಗಬಾರದು, ಬಾಗಿದರೆ ಕ್ಯಾಪ್ಸೂಲ್ ಗಂಟಲಿಗೆ ಮರಳಿ ಸುಡುತ್ತದೆ. ಎರಡು ಗಂಟೆ ಹಾಲಿನ ಹತ್ತಿರ ಸುಳಿಯಬಾರದು. ಬಿಸಿಲಿಗೆ ಮುಖ ಒಡ್ಡಬಾರದು. ಹಾಲು ಬೇಡ, ಬಾಗಬೇಡ, ಬಿಸಿಲು ಬೇಡ ಎಂದು ಗಿರಿಧರನ್ ಮಂತ್ರದ ಹಾಗೆ ಬಾಯಿಪಾಠ ಮಾಡಿದ. ಆ ಡಾಕ್ಟರು ಕೆಳಸೀಮೆಯವರು. ಹಟ್ಟಿಯಲ್ಲಿ ಹಿರಿಯರ ಮುಂದೆ ತಲೆ ಬಾಗದೆ, ಕೊಟ್ಟ ಹಾಲು ಕುಡಿಯದೆ ಒಬ್ಬ ಮನುಷ್ಯ ಬದುಕುವುದು ಹೇಗೆ ಎಂದು ಅವರು ಯೋಚಿಸಿರಲಿಲ್ಲ.

ಆದರೂ ಅವನು ನಲವತ್ತು ದಿನ ನಿಯಮ ಮೀರಲಿಲ್ಲ. ಹಾಲು ಹಾಕಿದ ಕಾಪಿ ಬಿಟ್ಟು ಬೆಲ್ಲದ ಕರಿಕಾಪಿ ಕುಡಿದ. ಅರ್ಧ ಗಂಟೆ ಮನೆಯೊಳಗೇ ಗೂಟದ ಹಾಗೆ ನಿಂತ. ಮೊಡವೆ ಮಾತ್ರ ಒಂದೂ ಕದಲಲಿಲ್ಲ, ಗಲ್ಲದ ಮೇಲೆ ಎರಡು ಹೊಸದಾಗಿ ಬಂದವು. ಫೋಟೋದ ಹಿಂದಿನ ದಿನ ಫೋನಿನಲ್ಲಿ ಯಾರೋ ಒಬ್ಬ, ಮೊಡವೆಗೆ ಜಿಂಕ್ ಒಳ್ಳೆಯದು ಎಂದು ಹೇಳುವ ವಿಡಿಯೋ ಕಣ್ಣಿಗೆ ಬಿತ್ತು. ಒಂಟಿ ಎತ್ತು ಎಳೆಯದ ಗಾಡಿಯನ್ನು ಜೋಡೆತ್ತು ಎಳೆದೀತು ಎಂದುಕೊಂಡು ಗಿರಿಧರನ್ ಜಿಂಕ್ ಮಾತ್ರೆಯನ್ನೂ ತಂದ. ಫೋಟೋ ತೆಗೆಯುವವನು ಕೂನೂರಿನಿಂದ ಮಧ್ಯಾಹ್ನ ಮೂರಕ್ಕೆ ಬರುವುದಿತ್ತು. ಮರುದಿನ ಬೆಳಿಗ್ಗೆ, ಇನ್ನೂ ಏಳು ಗಂಟೆಯ ಅವಧಿ ಇದೆ ಎಂದು ಲೆಕ್ಕ ಹಾಕಿ, ಎರಡನ್ನೂ ಬಾಯಿಗೆ ಹಾಕಿಕೊಂಡು ನೀರು ಕುಡಿದ.

ಆಮೇಲೆ, ಸುಮ್ಮನೆ ಗೂಟದ ಹಾಗೆ ನಿಲ್ಲುವ ಹೊತ್ತಿನಲ್ಲಿ, ಕ್ಯಾಪ್ಸೂಲಿನ ಡಬ್ಬಿಯೊಳಗಿನ ಚೀಟಿಯನ್ನು ಮೊದಲ ಸಲ ಬಿಡಿಸಿ ಓದಿದ. ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರ. ಜಿಂಕ್, ಕಬ್ಬಿಣ, ಕ್ಯಾಲ್ಸಿಯಂ ಇರುವ ಯಾವುದರ ಜೊತೆಗೂ ತೆಗೆದುಕೊಳ್ಳಬಾರದು, ಅವು ಹೊಟ್ಟೆಯಲ್ಲಿ ಒಂದಕ್ಕೊಂದು ಕಟ್ಟಿಕೊಳ್ಳುತ್ತವೆ ಎಂದು ಅದರಲ್ಲಿ ಇತ್ತು. ಗಿರಿಧರನ ಹಣೆಯಲ್ಲಿ ಆ ಚಳಿಯಲ್ಲೂ ಬೆವರು ಮೂಡಿತು. ಕಟ್ಟಿಕೊಂಡು ಏನಾಗುತ್ತವೆ ಎಂದು ಚೀಟಿ ಹೇಳಿರಲಿಲ್ಲ. ಹೊಟ್ಟೆ ಮುಟ್ಟಿ ನೋಡಿಕೊಂಡ. ಏನೋ ಗಟ್ಟಿಯಾಗಿ ಸಿಕ್ಕಿತು. ಅದು ಬೆಲ್ಟಿನ ಬಕಲ್ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಕಾಪಿ ಆರುತ್ತದೆ ಮಗ," ಎಂದು ಒಳಗಿನಿಂದ ಹೆತ್ತೆ ಕೂಗಿದಳು. ಹೆತ್ತೆ ಎಂದರೆ ಅವನ ಅಜ್ಜಿ. ತಾಯಿ ಅವನ ತಂಗಿಯ ಬಾಣಂತನಕ್ಕೆಂದು ಕೋತಗಿರಿಗೆ ಹೋಗಿ ಎರಡು ತಿಂಗಳಾಗಿ, ಅಡುಗೆಮನೆ ಪೂರ್ತಿ ಹೆತ್ತೆಯ ಕೈಯಲ್ಲಿತ್ತು.

"ಕಾಪಿ ಬೇಡ ಹೆತ್ತೆ, ಬಂದು ಕುಡಿವೆ," ಎಂದು ಗಿರಿಧರನ್ ಹೊರಗೆ ಓಡಿದ. ಔಷಧಿ ಅಂಗಡಿಯ ಸರಣ್ಯಾಗೆ ಫೋನ್ ಮಾಡಬೇಕಿತ್ತು. ಅವನ ಫೋನಿಗೆ ಸಿಗ್ನಲ್ ಸಿಗುವುದು ಮೇಲಿನ ಬಸ್ ಸ್ಟಾಪಿನಲ್ಲಿ ಮಾತ್ರ. ಅಲ್ಲಿಗೆ ಹೋಗಬೇಕಾದರೆ ಒಂದೇ ಸಾಲಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ನಿಂತ ಮನೆಗಳ ಮುಂದೆಯೇ ಹಾದುಹೋಗಬೇಕು.

ಮೂರನೆಯ ಮನೆಯ ಜಗುಲಿಯಲ್ಲಿ ಮಾದನ್ ಹೆತ್ತಪ್ಪ ಬಿಸಿಲು ಕಾಯಿಸುತ್ತ ಕೂತಿದ್ದ. ಎಂಬತ್ತನಾಲ್ಕು ವರ್ಷದ ಹಿರಿಯ, ಇಡೀ ಹಟ್ಟಿಗೇ ಅಜ್ಜ. ಹಟ್ಟಿಯಲ್ಲಿ ಕಿರಿಯನಾದವನು ಹಿರಿಯನ ಎದುರು ಬಂದರೆ ತಲೆ ಬಾಗಬೇಕು, ಹಿರಿಯ ನೆತ್ತಿಯ ಮೇಲೆ ಕೈಯಿಟ್ಟು ಹರಸಬೇಕು. ಮದುವೆಯಿರಲಿ, ಎಲೆ ಮೂಟೆ ಹೊತ್ತು ಹೋಗುತ್ತಿರಲಿ, ಇದು ತಪ್ಪುವಂತಿಲ್ಲ. ಮಾದನ್ ಹೆತ್ತಪ್ಪನ ಹರಕೆಯಂತೂ ನಾಲ್ಕು ಹಟ್ಟಿಗೂ ಹೆಸರುವಾಸಿ, ಉದ್ದಕ್ಕೆ. ಅದು ಮುಗಿಯುವುದರೊಳಗೆ ಒಲೆಯ ಮೇಲಿನ ಅನ್ನ ಬೇಯುತ್ತದೆ ಎಂದು ಹೆಂಗಸರು ಹೇಳುತ್ತಿದ್ದರು.

ಹೆತ್ತಪ್ಪ ಆಗಲೇ ಕೈ ಎತ್ತಿದ್ದ. ಗಿರಿಧರನ್ ಗಡಿಯಾರ ನೋಡಿದ. ಎಂಟು ಹನ್ನೆರಡು. ಬಾಗಿದರೆ ಗಂಟಲು ಸುಡುತ್ತದೆ, ಬಾಗದಿದ್ದರೆ ಮರ್ಯಾದೆ ಸುಡುತ್ತದೆ. ಪಾಪದವನು ನಡುದಾರಿ ಹುಡುಕಿದ. ಬೆನ್ನು, ಕತ್ತು ನೆಟ್ಟಗೆ ಇಟ್ಟುಕೊಂಡೇ ಮೊಣಕಾಲು ಮಡಿಸಿ ಮೆಲ್ಲಗೆ ಕೆಳಗಿಳಿದು, ಮೊಟ್ಟೆಯಿಡಲು ಜಾಗ ನೋಡುವ ಕೋಳಿಯಂತೆ ಹೆತ್ತಪ್ಪನ ಮುಂದೆ ಕುಕ್ಕರಿಸಿ, ಮುಖ ಎತ್ತಿ ನೋಡಿದ.

ಮಾದನ್ ಹೆತ್ತಪ್ಪನ ಕೈ ಗಾಳಿಯಲ್ಲೇ ನಿಂತಿತು. "ಏಕ ಮಗ, ಎನ್ನ ಮುಖ ನೋಡುತ್ತೀ? ತಲೆ ಎಲ್ಲಿ?"

"ಬಾಗಬಾರದು ಹೆತ್ತಪ್ಪ. ಡಾಕ್ಟರು ಹೇಳಿದ್ದು."

"ಎನ್ನ ಮುಂದೆ ಬಾಗಬೇಡ ಎಂದು ಡಾಕ್ಟರು ಹೇಳಿದ್ದಾ?" ಹೆತ್ತಪ್ಪ ಕೈ ಇಳಿಸಿ ಕಂಬಳಿಯೊಳಗೆ ಇಟ್ಟುಕೊಂಡ. "ಸರಿ. ಹೋಗು. ಪ್ಯಾಕೆಟ್ ಇನ್ನೂ ಅಚ್ಚಾಗಲೇ ಇಲ್ಲೆ, ಅಷ್ಟರಲ್ಲೇ ಕತ್ತು ಗಟ್ಟಿಯಾಯಿತು."

ಗಿರಿಧರನಿಗೆ ಅಳು ಬರುವಂತಾಯಿತು. ವಿವರಿಸಲು ಹೋದರೆ ಹೊತ್ತು ಮೀರುತ್ತದೆ, ಹೊಟ್ಟೆಯಲ್ಲಿ ಅವೆರಡೂ ಅಷ್ಟರಲ್ಲಿ ಎಷ್ಟು ಬಿಗಿಯಾಗಿ ಕಟ್ಟಿಕೊಂಡಿದ್ದಾವೋ ಯಾರಿಗೆ ಗೊತ್ತು. ಎದ್ದು ನಡೆದ.

ಬಸ್ ಸ್ಟಾಪಿನಲ್ಲಿ ಸಿಗ್ನಲ್ ಇತ್ತು, ಆದರೆ ಅಂಗಡಿ ತೆರೆಯುವುದು ಹತ್ತಕ್ಕೆ. ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತಿದ್ದ ಸುಧಾಕರನ್ ಮಾಮ ಮಾತ್ರ ಯಾವಾಗಲೂ ತೆರೆದೇ ಇರುವ ಅಂಗಡಿ. ಅವರು ಮೂವತ್ತೊಂದು ವರ್ಷ ಪಶು ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದವರು. ದನದ ಬಾಯಿ ತೆರೆಸಿ ಔಷಧಿ ಹಾಕಿ ಗೊತ್ತಿತ್ತು, ಮನುಷ್ಯನದ್ದು ಅದಕ್ಕಿಂತ ಚಿಕ್ಕ ಬಾಯಿ ಎಂಬುದು ಅವರ ವೈದ್ಯದ ಬುನಾದಿ.

"ಯಾರಿಗೆ ಫೋನು? ಮುಖ ಏಕ ಹಿಂಗೆ ಬೆಳ್ಳಗೆ?"

ಹೇಳಬಾರದೆಂದು ಗಿರಿಧರನಿಗೆ ಗೊತ್ತಿತ್ತು. ಆದರೆ ಭಯಪಟ್ಟವನ ಬಾಯಿಗೆ ಬಾಗಿಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟ.

ಸುಧಾಕರನ್ ಮಾಮ ಚೀಟಿಯನ್ನು ತೆಗೆದುಕೊಂಡು ತಿರುಗಾಮುರುಗಾ ನೋಡಿ ತಲೆಯಾಡಿಸಿದರು. "ಕಟ್ಟಿಕೊಳ್ಳುತ್ತದೆ ಎಂದರೆ ಗಟ್ಟಿಯಾಗುತ್ತದೆ. ಮಾವನಲ್ಲ ಎಂಬ ಊರಿನ ಕಡೆ ಒಂದು ಹಸು ಸತ್ತಾಗ ನಾವು ಹೊಟ್ಟೆ ಕೊಯ್ದು ನೋಡಿದ್ದು. ಒಳಗೆ ತೆಂಗಿನಕಾಯಿಯಷ್ಟು ಉಂಡೆ. ಕಲ್ಲು. ಬಡಿದರೆ ಟಣ್ ಎನ್ನುತ್ತಿತ್ತು."

"ಅದು ಜಿಂಕ್ ತಿಂದಿತ್ತಾ ಮಾಮ?"

"ಪ್ಲಾಸ್ಟಿಕ್ ತಿಂದಿತ್ತು. ಏನು ತಿಂದರೇನು, ಕಲ್ಲು ಕಲ್ಲೇ. ನೀ ಕೂರಬೇಡ, ಕೂತರೆ ತಳಕ್ಕೆ ಇಳಿದು ಹಿಡಿದುಕೊಳ್ಳುತ್ತದೆ. ನಡಿ. ಮೊದಲು ಹಾಲು ಕುಡಿ. ಯಾವ ವಿಷಕ್ಕೂ ಹಾಲೇ ಮದ್ದು."

"ಹಾಲು ಆಗಲೇ ಆಗದು ಮಾಮ. ಅದೇ ಮೊದಲನೆಯ ಕಟ್ಟಳೆ."

ಆದರೆ ಸುಧಾಕರನ್ ಮಾಮ ಆಗಲೇ ಕೆಳಗೆ ನೋಡಿ, ಹಾಲು ಹಾಲು ಎಂದು ಕೂಗಿಬಿಟ್ಟಿದ್ದರು. ಗಿರಿಧರನ್ ವಿಷ ಕುಡಿದ ಎಂಬ ಸುದ್ದಿ ಸಾಲುಮನೆಯ ಒಂದು ತುದಿಯಿಂದ ಹೊರಟು ಇನ್ನೊಂದು ತುದಿ ಮುಟ್ಟುವುದರೊಳಗೆ ಅದಕ್ಕೆ ಕಾರಣವೂ ಹುಟ್ಟಿಕೊಂಡಿತ್ತು. ಬೆಳಿಗ್ಗೆ ಮಾದನ್ ಹೆತ್ತಪ್ಪ ಬೈದರಂತೆ, ಅವಮಾನ ತಡೆಯಲಾರದೆ ಕುಡಿದನಂತೆ. ಹಾಲಿ ಎಂಬ ಹೆಸರಿನ ಮಾಮಿ ಒಂದು ಚೆಂಬು ಬಿಸಿ ಹಾಲು ಹಿಡಿದು ಏದುಸಿರು ಬಿಡುತ್ತ ಮೇಲೆ ಬಂದಳು. ಗಿರಿಧರನ್ ಹುಟ್ಟಿದಾಗ ಅವನಿಗೆ ಮೊದಲು ಎಣ್ಣೆ ಹಚ್ಚಿ ಮೀಯಿಸಿದ ಕೈ ಅವಳದು.

"ಕುಡಿ ಎನ್ನ ಕೂಸೆ. ಯಾರು ಏನು ಹೇಳಿದರೂ ನಾ ಇದ್ದೇನೆ."

"ಮಾಮಿ, ನಾ ವಿಷ ಕುಡಿಯಲೇ ಇಲ್ಲೆ. ಮೊಡವೆ ಮಾತ್ರೆ."

"ಯಾವುದಾದರೇನು, ಕುಡಿ."

"ಬೇಡ ಮಾಮಿ. ಹಾಲು ಮಾತ್ರ ಬೇಡ."

ಹಾಲಿ ಮಾಮಿ ಚೆಂಬನ್ನು ಹಿಂದಕ್ಕೆ ತೆಗೆದುಕೊಂಡಳು. ಕಡನಹಟ್ಟಿಯಲ್ಲಿ ಹಾಲೆಂದರೆ ದೇವರಿಗಿಂತ ಒಂದು ಮೆಟ್ಟಿಲು ಮಾತ್ರ ಕೆಳಗೆ. ಕರೆದ ಹಾಲನ್ನು ಕೈಗೆ ತಂದುಕೊಟ್ಟಾಗ ಬೇಡ ಎಂದವನನ್ನು ಅವಳು ಅರವತ್ತು ವರ್ಷದಲ್ಲಿ ಕಂಡಿರಲಿಲ್ಲ. ಸುತ್ತ ಸೇರಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಮಿ ಚೆಂಬಿಗೆ ಸೆರಗು ಮುಚ್ಚಿ ಇಳಿದು ಹೋದಳು. ಬೈದಿದ್ದರೆ ಗಿರಿಧರನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಕಲ್ಲು ಹಿಡಿದುಕೊಳ್ಳದಂತೆ ನಡೆಸುವ ಕೆಲಸ ಸುಧಾಕರನ್ ಮಾಮನದು. ಟೀ ತೋಟದ ಏರಿನಲ್ಲಿ ಮೇಲಕ್ಕೆ, ಅಲ್ಲಿಂದ ಕೆಳಕ್ಕೆ, ಪುನಃ ಮೇಲಕ್ಕೆ. ಬಿಸಿಲು ಏರಿತ್ತು. ಬಿಸಿಲು ಬೇಡ ಎಂಬ ಕಟ್ಟಳೆ ನೆನಪಾಗಿ ಗಿರಿಧರನ್ ಬೇಲಿಯ ಮೇಲೆ ಒಣಗಿಸಿದ್ದ ಯಾರದೋ ಬಿಳಿ ತಲೆಬಟ್ಟೆ ಎಳೆದು ಕಣ್ಣು ಬಿಟ್ಟು ಪೂರ್ತಿ ಮುಖಕ್ಕೆ ಸುತ್ತಿಕೊಂಡ. ಎಲೆ ಕೀಳುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಮುಂದೆ ಮುಖ ಕಟ್ಟಿಕೊಂಡ ಗಿರಿಧರನ್, ಹಿಂದೆ ಕೋಲು ಹಿಡಿದ ಸುಧಾಕರನ್ ಮಾಮ. "ಹೊಟ್ಟೆ ಅಲುಗಾಡಿಸಿ ನಡಿ," ಎಂದು ಮಾಮ ಹೇಳುತ್ತಿದ್ದರು. ದನವನ್ನು ಓಡಿಸುವಾಗ ಮಾಡುವ ಸದ್ದನ್ನೂ ನಡುನಡುವೆ ಮಾಡುತ್ತಿದ್ದರು, ಅಭ್ಯಾಸಬಲ.

ಆ ಏರಿನಲ್ಲಿ ನಡೆಯುತ್ತ ಗಿರಿಧರನ್ ನಿಜಕ್ಕೂ ಸಾವಿನ ಬಗ್ಗೆ ಯೋಚಿಸಿದ. ಸತ್ತರೆ ಪ್ಯಾಕೆಟ್ಟಿನ ಮೇಲೆ ಸೆಲ್ವಕುಮಾರ್. ನಿವೇತಾಳ ಅಡುಗೆಮನೆಯ ಹಲಗೆಯ ಮೇಲೆ ದಿನಾ ಬೆಳಿಗ್ಗೆ ಸೆಲ್ವಕುಮಾರ್ ನಗುತ್ತಾನೆ. ಸಾವಿಗಿಂತ ಅದೇ ಹೆಚ್ಚು ಹಿಂಸೆಯೆನಿಸಿತು.

ಹತ್ತು ಗಂಟೆಗೆ ಸರಣ್ಯಾ ಫೋನ್ ಎತ್ತಿದಳು. ಗಿರಿಧರನ್ ಒಂದೇ ಉಸಿರಿನಲ್ಲಿ ಎಲ್ಲ ಒಪ್ಪಿಸಿದ. ಆ ಕಡೆಯಿಂದ ಅವಳು ನಕ್ಕಳು.

"ಅಣ್ಣ, ಕಲ್ಲೂ ಇಲ್ಲೆ ಮಣ್ಣೂ ಇಲ್ಲೆ. ಆ ಎರಡೂ ಒಂದರ ಕೈ ಒಂದು ಹಿಡಿದುಕೊಂಡು ಹೊರಗೆ ಹೋಗಿಬಿಡುತ್ತವೆ, ಅಷ್ಟೇ. ಔಷಧಿ ಮೈಗೆ ಹತ್ತುವುದಿಲ್ಲೆ. ಇವತ್ತಿನ ಕ್ಯಾಪ್ಸೂಲ್ ದಂಡ. ಜಿಂಕ್ ಬೇಕೋ ಬೇಡವೋ ಡಾಕ್ಟರನ್ನ ಕೇಳು. ಬೇಕು ಎಂದರೆ ಎರಡಕ್ಕೂ ನಡುವೆ ಎರಡು ಮೂರು ಗಂಟೆ ಬಿಡು."

ಗಿರಿಧರನ್ ಬಸ್ ಸ್ಟಾಪಿನ ಬೆಂಚಿನ ಮೇಲೆ ಕುಸಿದ. ಜೀವ ಬಂದಂತಾಯಿತು. "ಸಾಯುವುದಿಲ್ಲವಂತೆ ಮಾಮ," ಎಂದ.

"ಯಾರು ಹೇಳಿದ್ದು? ಅವಳು ಹಸುವಿನ ಹೊಟ್ಟೆ ನೋಡಿದ್ದಾಳಾ?" ಎಂದು ಸುಧಾಕರನ್ ಮಾಮ ಮುಖ ತಿರುಗಿಸಿದರು. ಅವರಿಗೆ ಸ್ವಲ್ಪ ನಿರಾಸೆಯಾಗಿತ್ತು.

"ಅದಿರಲಿ ಅಣ್ಣ," ಸರಣ್ಯಾ ಫೋನಿನಲ್ಲಿ ಇನ್ನೂ ಇದ್ದಳು. "ನಲವತ್ತು ದಿನ ಆಯಿತು ಎನ್ನುತ್ತೀ. ಇಷ್ಟರಲ್ಲಿ ಒಂದಿಷ್ಟಾದರೂ ಕಮ್ಮಿ ಆಗಬೇಕಿತ್ತಲ್ಲ. ಕ್ಯಾಪ್ಸೂಲ್ ಜೊತೆ ಬೇರೆ ಏನಾದರೂ ತಿನ್ನುತ್ತೀಯಾ? ಕ್ಯಾಲ್ಸಿಯಂ, ಟಾನಿಕ್, ಹೊಟ್ಟೆಯುರಿ ಔಷಧಿ?"

"ಏನೂ ಇಲ್ಲೆ. ಹಿಟ್ಟು, ನೀರು, ಕರಿಕಾಪಿ."

"ಹಾಗಾದರೆ ನೀನೇ ಯೋಚಿಸು," ಎಂದು ಅವಳು ಗಿರಾಕಿ ಬಂದರೆಂದು ಫೋನ್ ಇಟ್ಟಳು.

ಮನೆಗೆ ಬಂದಾಗ ಹೆತ್ತೆ ಒಲೆಯ ಮುಂದೆ ಕೂತಿದ್ದಳು. ಬೆಳಿಗ್ಗೆ ಅವನು ಬಿಟ್ಟುಹೋದ ಕಾಪಿಯನ್ನೇ ಬಿಸಿ ಮಾಡಿ ಲೋಟಕ್ಕೆ ಬಗ್ಗಿಸಿಕೊಟ್ಟಳು. ಎರಡು ಗಂಟೆ ನಡೆದು ಗಂಟಲು ಒಣಗಿತ್ತು, ಗಟಗಟನೆ ಕುಡಿದ. ದಿನವೂ ತಳದ ಗುಟುಕು ಬಿಡುವವನು ಅಂದು ತಳದವರೆಗೂ ಕುಡಿದದ್ದರಿಂದ ಹಲ್ಲಿಗೆ ಮರಳು ಸಿಕ್ಕಿತು. ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. ತಳದಲ್ಲಿ ಬೂದಿಬಣ್ಣದ ಪುಡಿ.

"ಹೆತ್ತೆ, ಇದೇನು?"

"ಸತ್ವ."

"ಏನು ಸತ್ವ?"

ಹೆತ್ತೆ ಮೂಲೆಯ ರಾಗಿ ಡಬ್ಬಿಯ ಹಿಂದೆ ಕೈ ಹಾಕಿ ಒಂದು ಪ್ಯಾಕೆಟ್ ತೆಗೆದಳು. ಅದರ ಮೇಲೆ ಹಸುವಿನ ಚಿತ್ರ ಇತ್ತು, ಹಸು ನಗುತ್ತಿತ್ತು. ಹಾಲಿನ ಸೊಸೈಟಿಯವರು ಕೊಡುವ ದನದ ಮಿನರಲ್ ಮಿಕ್ಸ್ಚರ್. ಕ್ಯಾಲ್ಸಿಯಂ, ಕಬ್ಬಿಣ, ತಾಮ್ರ, ಜಿಂಕ್, ಅಯೋಡಿನ್ ಎಂದು ಒಂದರ ಕೆಳಗೆ ಒಂದು ಬರೆದಿತ್ತು.

"ಹಾಲು ಬಿಟ್ಟೆಯಲ್ಲ ಮಗ, ಎನಗೆ ತಡೆಯಲಿಲ್ಲೆ. ಹಾಲಿಲ್ಲದೆ ಎಲುಬಿಗೆ ಏನು ಗತಿ? ಹಾಲಿನೊಳಗೆ ಇರುವುದೆಲ್ಲ ಈ ಪುಡಿಯೊಳಗೆ ಇದೆ ಎಂದು ಸುಧಾಕರನ್ ಹೇಳಿದ. ನಮ್ಮ ಹಸು ಬೆಳ್ಳಿಗೆ ಕೊಟ್ಟು ಒಂದು ತಿಂಗಳಿಗೆ ಅದರ ಚರ್ಮ ಎಂತು ಮಿಂಚುತ್ತಿದೆ ನೋಡಿದೆಯಲ್ಲ. ದಿನಕ್ಕೆ ಒಂದೇ ಚಮಚ ಹಾಕಿದ್ದು, ಅದೂ ಚಿಕ್ಕದು."

"ಎಷ್ಟು ದಿನದಿಂದ?"

"ನೀ ಹಾಲು ಬಿಟ್ಟ ದಿನದಿಂದ."

ಗಿರಿಧರನ್ ಅಲ್ಲೇ ಮಣೆಯ ಮೇಲೆ ಕೂತ. ನಲವತ್ತು ಕ್ಯಾಪ್ಸೂಲು. ಹಾಲು ಮುಟ್ಟದೆ, ಬಾಗದೆ, ಬಿಸಿಲಿಗೆ ಹೋಗದೆ ತಪಸ್ಸು ಮಾಡಿದ ನಲವತ್ತು ಬೆಳಗು. ಪ್ರತಿ ಕ್ಯಾಪ್ಸೂಲಿನ ಹಿಂದೆಯೇ ಹೆತ್ತೆಯ ಒಂದು ಚಮಚ ಪುಡಿ ಇಳಿದು, ಅದರ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿತ್ತು. ಕೂಗಾಡಬೇಕೆಂದು ಬಾಯಿ ತೆರೆದ. ಹೆತ್ತೆ ಪ್ಯಾಕೆಟ್ಟನ್ನು ಎದೆಗೆ ಒತ್ತಿಕೊಂಡು, ತಪ್ಪಾಯಿತೋ ಏನೋ ಎಂಬಂತೆ ಅವನ ಮುಖವನ್ನೇ ನೋಡುತ್ತಿದ್ದಳು. ಅವನ ಸಿಟ್ಟು ಅಲ್ಲೇ ಕರಗಿತು.

"ದನದ್ದು ದನಕ್ಕೇ ಇರಲಿ ಹೆತ್ತೆ," ಎಂದಷ್ಟೇ ಹೇಳಿದ. "ಇನ್ನು ಎನಗೆ ಹಾಕಬೇಡ. ಕೊಟ್ಟಿಗೆಯಲ್ಲೇ ಇಟ್ಟುಬಿಡು."

ಮೂರು ಗಂಟೆಗೆ ಫೋಟೋದ ಪ್ರಕಾಶ ಕೂನೂರಿನಿಂದ ಬೈಕಿನಲ್ಲಿ ಬಂದಿಳಿದ. ಟೀ ತೋಟದ ಇಳಿಜಾರಿನಲ್ಲಿ, ಹಿಂದೆ ಬೆಟ್ಟ ಕಾಣುವಂತೆ, ಜಾಗ ಗೊತ್ತು ಮಾಡಿದ. ಗಿರಿಧರನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದರೆ ಅಲ್ಲಿ ಸೆಲ್ವಕುಮಾರ್ ಆಗಲೇ ಅದಕ್ಕಿಂತ ಚೆಂದದ ಅಂಗಿ ತೊಟ್ಟು ನಿಂತಿದ್ದ. ಧರ್ಮಲಿಂಗಂ ಮಾಮನ ಮುಖ ಬಿಗಿದಿತ್ತು.

"ಗಿರಿ, ಬೆಳಿಗ್ಗೆಯಿಂದ ಎನಗೆ ಒಂದೇ ದೂರು. ಹೆತ್ತಪ್ಪನ ಮುಂದೆ ಬಾಗಲಿಲ್ಲೆ. ಹಾಲಿ ಕೊಟ್ಟ ಹಾಲು ತಳ್ಳಿದೆ. ಮುಖ ಕಟ್ಟಿಕೊಂಡು ತೋಟದ ತುಂಬ ಓಡಾಡಿದೆ. ಹಟ್ಟಿಯ ಮರ್ಯಾದೆ ಇಲ್ಲದವನ ಮುಖ ಹಟ್ಟಿಯ ಪ್ಯಾಕೆಟ್ಟಿನ ಮೇಲೆ ಏಕ?"

"ಔಷಧಿ ಕಟ್ಟಳೆ ಮಾಮ, ಸತ್ಯವಾಗಿಯೂ. ಈಗ ಹೊತ್ತು ಮೀರಿದೆ. ಈಗ ಬಾಗುವೆ, ಈಗ ಕುಡಿವೆ."

ಹಾಲಿ ಮಾಮಿಯನ್ನು ಕರೆಸಿದರು. ಅವಳು ಅದೇ ಚೆಂಬಿನಲ್ಲಿ ಹಾಲು ತಂದಳು. ಗಿರಿಧರನ್ ನಿಂತ ಹಾಗೆಯೇ ಒಂದು ಚೆಂಬು ಹಾಲನ್ನೂ ಕುಡಿದು ಮುಗಿಸಿದ. ಮಾಮಿ ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ ಮಾದನ್ ಹೆತ್ತಪ್ಪನನ್ನು ಕುರ್ಚಿ ಸಮೇತ ಇಳಿಜಾರಿಗೆ ಎತ್ತಿ ತಂದರು.

ಗಿರಿಧರನ್ ಹೆತ್ತಪ್ಪನ ಮುಂದೆ ನಿಂತು, ನಲವತ್ತು ದಿನ ಬಾಗದ ಬಾಕಿಯೆಲ್ಲ ತೀರುವ ಹಾಗೆ ಸೊಂಟದಿಂದ ಬಾಗಿ ತಲೆ ಒಡ್ಡಿದ. ಮುದುಕ ಕೈ ಚಾಚಿ ಅವನ ನೆತ್ತಿಯ ಮುಂದುಗಡೆ ಇಟ್ಟ.

"ಒಂದು ಸಾವಿರವಾಗಲಿ," ಎಂದು ಹರಕೆ ಶುರುವಾಯಿತು. "ಹುಟ್ಟಿದ್ದು ಬೆಳೆಯಲಿ, ಬೆಳೆದದ್ದು ಉಳಿಯಲಿ. ಮನೆ ತುಂಬಲಿ, ಮಡಿಲು ತುಂಬಲಿ. ಹೋದ ದಾರಿ ಒಳ್ಳೆಯದಾಗಲಿ, ಬಂದ ದಾರಿ ಬೆಳಕಾಗಲಿ." ಬೆಳಗಿನ ಹರಕೆ ಬಾಕಿ ಇತ್ತು, ಹೆತ್ತಪ್ಪ ಅದನ್ನೂ ಸೇರಿಸಿದ. ಬೈದದ್ದಕ್ಕೆ ಮನಸ್ಸು ನೊಂದಿತ್ತು, ಅದಕ್ಕೂ ಒಂದಿಷ್ಟು ಸೇರಿಸಿದ. ಗಿರಿಧರನ ಸೊಂಟ ಸೆಳೆಯಿತು, ರಕ್ತ ತಲೆಗಿಳಿಯಿತು. ಎಲ್ಲೋ ಕ್ಯಾಮೆರಾ ಕ್ಲಿಕ್ಕೆಂದದ್ದು ಕೇಳಿಸಿತು. ಇದು ಮುಗಿದ ಕೂಡಲೇ ಎಡಗೆನ್ನೆ ಮುಂದೆ ಬರುವಂತೆ ಯಾವ ಕೋನದಲ್ಲಿ ನಿಲ್ಲಬೇಕೆಂದು ಅವನು ಬಾಗಿದಲ್ಲೇ ಲೆಕ್ಕ ಹಾಕುತ್ತಿದ್ದ.

ಹರಕೆ ಮುಗಿದು ಅವನು ತಲೆ ಎತ್ತಿದಾಗ ಬೆಟ್ಟ ಇರಲಿಲ್ಲ. ತೋಟವೂ ಇರಲಿಲ್ಲ. ಕಣಿವೆಯಿಂದ ಎದ್ದ ಮಂಜು ಎಲ್ಲವನ್ನೂ ನುಂಗಿ, ಎರಡು ಮಾರು ದೂರದಲ್ಲಿ ಸೆಲ್ವಕುಮಾರನ ಅಂಗಿಯ ಬಣ್ಣ ಮಾತ್ರ ಮಸಕಾಗಿ ಕಾಣುತ್ತಿತ್ತು.

ಪ್ರಕಾಶ ಕ್ಯಾಮೆರಾವನ್ನು ಚೀಲಕ್ಕೆ ಹಾಕುತ್ತಿದ್ದ. "ಇನ್ನು ಇವತ್ತು ಬೆಳಕಿಲ್ಲೆ ಸಾರ್. ನಾಳೆ ಎನಗೆ ಗೂಡಲೂರಲ್ಲಿ ಮದುವೆ ಇದೆ. ಆದರೆ ಒಂದು ಫೋಟೋ ಸಿಕ್ಕಿದೆ. ಅದೊಂದೇ ಸಾಕು."

ಎಲ್ಲರೂ ಕ್ಯಾಮೆರಾದ ಸುತ್ತ ಸೇರಿದರು. ಪ್ರಕಾಶ ಮೇಲಿನ ಮೆಟ್ಟಿಲ ಮೇಲೆ ನಿಂತು ತೆಗೆದದ್ದು. ಹಿಂದೆ ಹಸಿರು ತೋಟ, ಕುರ್ಚಿಯಲ್ಲಿ ಬಿಳಿ ಮೀಸೆಯ ಮಾದನ್ ಹೆತ್ತಪ್ಪ, ಅವನ ಕೈ ಒಂದು ಬಾಗಿದ ತಲೆಯ ಮೇಲೆ. ನಿಜಕ್ಕೂ ಚೆಂದವಾಗಿತ್ತು. ಧರ್ಮಲಿಂಗಂ ಮಾಮನ ಕಣ್ಣು ತೇವವಾಯಿತು. "ನಮ್ಮ ಹಟ್ಟಿ ಎಂದರೆ ಇದೇ," ಎಂದರು. ಇದೇ ಪ್ಯಾಕೆಟ್ಟಿಗೆ ಎಂದು ಅಲ್ಲೇ ತೀರ್ಮಾನವಾಯಿತು.

ಗಿರಿಧರನ್ ಕೊನೆಗೆ ನೋಡಿದ. ಮುಖ ಎಲ್ಲೂ ಇರಲಿಲ್ಲ, ಎಡಗೆನ್ನೆ ಇಲ್ಲ, ಬಲಗೆನ್ನೆ ಇಲ್ಲ. ಒಂದು ಮೊಡವೆಯೂ ಇಲ್ಲ. ಅಷ್ಟರ ಮಟ್ಟಿಗೆ ಸಮಾಧಾನವೇ ಆಯಿತು. ಆದರೆ ಹೆತ್ತಪ್ಪನ ಬೆರಳುಗಳ ಹಿಂದೆ, ನೆತ್ತಿಯ ನಟ್ಟನಡುವೆ, ಅಂಗೈಯಗಲದ ಒಂದು ಜಾಗ ಬೋಳಾಗಿ ಹೊಳೆಯುತ್ತಿತ್ತು.

"ಇದು ಯಾರ ತಲೆ?" ಎಂದು ಅವನು ಕೇಳಿದ.

"ನಿನ್ನದೇ ಅಣ್ಣ," ಎಂದ ಸೆಲ್ವಕುಮಾರ್ ಬಹಳ ಮೃದುವಾಗಿ. "ನಿನಗೆ ಗೊತ್ತಿರಲಿಲ್ಲವಾ? ಬಸ್ಸಿನಲ್ಲಿ ಹಿಂದಿನ ಸೀಟಿನವರಿಗೆಲ್ಲ ಗೊತ್ತು."

ಹದಿನಾಲ್ಕು ವರ್ಷ ಗಿರಿಧರನ್ ಕನ್ನಡಿಯಲ್ಲಿ ಕೆನ್ನೆ ನೋಡಿದ್ದೇ ನೋಡಿದ್ದು. ನೆತ್ತಿ ಎಂಬುದೊಂದು ತನಗಿದೆ ಎಂದು ಅವನಿಗೆ ನೆನಪಾಗಿರಲೇ ಇಲ್ಲ. ಸರಣ್ಯಾಗೆ ಫೋನ್ ಮಾಡಲು ಹುಚ್ಚು ಹಿಡಿದವನ ಹಾಗೆ ಬಸ್ ಸ್ಟಾಪಿಗೆ ಓಡಿದ. ಆ ಫೋಟೋವನ್ನು ಯಾರಿಗೂ ಕಳಿಸಬೇಡಿ ಎಂದು ಧರ್ಮಲಿಂಗಂ ಮಾಮನಿಗೆ ಹೇಳಬೇಕೆಂದು ಅವನಿಗೆ ತೋಚಿದ್ದು ಅಲ್ಲಿಗೆ ಮುಟ್ಟಿದ ಮೇಲೆ. ಅಷ್ಟರಲ್ಲಿ ಅವರು ಅದನ್ನು ಪ್ರಕಾಶನಿಂದ ತಮ್ಮ ಫೋನಿಗೆ ಹಾಕಿಸಿಕೊಂಡು ನಾಲ್ಕು ಹಟ್ಟಿಯ ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಯಾಗಿತ್ತು. ಮೂವತ್ತೆರಡು ಕೈಮುಗಿದ ಚಿತ್ರಗಳು ಬಂದಿದ್ದವು. ಅವುಗಳ ಕೆಳಗೆ, ಎರಡು ವರ್ಷದಲ್ಲಿ ಮೊದಲ ಸಲ, ಅಪ್ಪನ ಪರವಾಗಿ ಗುಂಪಿನಲ್ಲಿದ್ದ ನಿವೇತಾ ಅವನನ್ನು ಕುರಿತು ಆಡಿದ ಮಾತು ಇತ್ತು.

"ತುಂಬ ಚೆನ್ನಾಗಿದೆ. ಬಾಗಿ ನಿಂತಿರುವ ದೊಡ್ಡಪ್ಪ ಯಾರು? ಪಾಪ, ಈ ವಯಸ್ಸಿನಲ್ಲೂ ಎಷ್ಟು ವಿನಯ."

ಗಿರಿಧರನ್ ಮಂಜಿನಲ್ಲಿ ಬಹಳ ಹೊತ್ತು ನಿಂತಿದ್ದ. ನಾನೇ ಎಂದು ಬರೆಯಲು ಎರಡು ಸಲ ಬೆರಳು ಇಟ್ಟ, ಎರಡು ಸಲವೂ ತೆಗೆದ. ಕೊನೆಗೆ ಸರಣ್ಯಾಗೆ ಫೋನ್ ಮಾಡಿ ಕೂದಲಿಗೆ ಏನಾದರೂ ಮಾತ್ರೆ ಇದೆಯಾ ಎಂದು ಕೇಳಿದ. ಮೊದಲು ಡಾಕ್ಟರಿಗೆ ತೋರಿಸು ಅಣ್ಣ, ಕೆಲವರಿಗೆ ಅವರು ಜಿಂಕ್ ಕೊಡುವುದೂ ಉಂಟು, ಎಂದಳು ಅವಳು.

ಮನೆಗೆ ಬಂದು ಒಲೆಯ ಮುಂದೆ ಕೂತ. ಹೆತ್ತೆಗೆ ಸುದ್ದಿ ಆಗಲೇ ಮುಟ್ಟಿತ್ತು.

"ಎಲ್ಲಿ ಮಗ, ಬಾಗು. ನೋಡುವ."

ಅವನು ಬಾಗಿದ. ಹೆತ್ತೆ ನೆತ್ತಿಯ ಮೇಲೆ ಕೈಯಾಡಿಸಿದಳು. ಹರಸುತ್ತಾಳೆ ಎಂದುಕೊಂಡು ಅವನು ಕಣ್ಣು ಮುಚ್ಚಿ ಕಾದ. ಅವಳು ಹರಸಲಿಲ್ಲ, ಯೋಚಿಸುತ್ತಿದ್ದಳು.

"ನಮ್ಮ ಬೆಳ್ಳಿಯ ಬಾಲದ ಕೂದಲು ಈಚೆಗೆ ಎಷ್ಟು ದಟ್ಟ ಆಗಿದೆ ಗೊತ್ತಾ," ಎಂದಳು.

ಗಿರಿಧರನ್ ತಲೆ ಎತ್ತುವಷ್ಟರಲ್ಲಿ ಹೆತ್ತೆ ಕೊಟ್ಟಿಗೆಯ ಕಡೆಗೆ ಹೊರಟಾಗಿತ್ತು. ಅವಳ ಕೈಯಲ್ಲಿ ಚಮಚ ಇತ್ತು, ಈ ಸಲ ದೊಡ್ಡದು.